ಮೂಗಿನ ಬಾಗಿಲಿನಲ್ಲಿ ದೇಹಕ್ಕೆ ಸಹನೆಯ ಪಾಠ



ನಸ್ಯಕರ್ಮದ ಬಗೆಗೆ ಈ ವಿಭಾಗದಲ್ಲಿ ಹಿಂದೊಮ್ಮೆ ಬರೆದುದನ್ನು ನೆನಪಿಟ್ಟುಕೊಂಡಿರುವ ಕೆಲವರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ದೇಹವು ತನ್ನ ಅಂಗವನ್ನು ತಾನೇ ಹಾಳುಮಾಡಿಕೊಳ್ಳುವಂತಹ ಕಾಯಿಲೆಗಳಿಗೆ ಮೂಗಿನ ಮೂಲಕ ಔಷಧ ಕೊಡುವ ವಿಧಾನವನ್ನು ಹೊರದೇಶದ ವಿಜ್ಞಾನಿಗಳು ಶೋಧಿಸುತ್ತಿದ್ದಾರಂತೆ. ಅದು ನಮ್ಮ ನಸ್ಯವೇ ಅಲ್ಲವೇ. ಹಾಗಿದ್ದ ಮೇಲೆ ಇನ್ಸುಲಿನ್ ಚುಚ್ಚುಮದ್ದನ್ನೂ ಸಂಧಿವಾತದ ಗುಳಿಗೆಗಳನ್ನೂ ಬಿಟ್ಟು ನಸ್ಯವನ್ನೇ ಮಾಡಿಸಿಕೊಳ್ಳಬಾರದೇಕೆ ಎಂಬುದು ಆ ಪ್ರಶ್ನೆಯ ಸಾರ. ಇದರಲ್ಲಿ ಮೊದಲನೆಯ ಮಾತು ನಿಜ. ಎರಡನೆಯದು ನಿಜವಲ್ಲ. ಮೂರನೆಯದು ಪ್ರಾಣಕ್ಕೇ ಎರವಾಗುವಂತಹುದು. ಆಯುರ್ವೇದವನ್ನೇ ನಂಬಿ ವೃತ್ತಿ ನಡೆಸಿಕೊಂಡು ಬಂದ ನಾವು ಹೀಗೆ ಬರೆಯುವುದು ಕೆಲವರಿಗೆ ಅಚ್ಚರಿಯೆನಿಸಬಹುದು. ಆದುದರಿಂದ ವಿಷಯವನ್ನು ಬುಡದಿಂದಲೇ ವಿವರಿಸುವುದು ಉಚಿತ.

ನಮ್ಮ ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳು ದೇಹದ ಕಾವಲುಗಾರರೆಂಬುದು ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದ ರೋಗಾಣುವನ್ನು ಗುರುತಿಸಿ ಕೊಲ್ಲುವುದು ಅವುಗಳ ಒಂದು ಕೆಲಸ. ಅದಕ್ಕಿಂತ ಕಠಿಣವಾದ ಇನ್ನೊಂದು ಕೆಲಸವೆಂದರೆ, ಕೊಲ್ಲಬಾರದವರನ್ನು ಕೊಲ್ಲದೆ ಬಿಡುವುದು. ಬಾಗಿಲಿಗೆ ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದೇ ಎಣಿಸುವ ಬುದ್ಧಿಯನ್ನು ಬಸವಣ್ಣನವರು ಸಮಾಜಕ್ಕೆ ಕಲಿಸಿದರು. ದೇಹದೊಳಗಿನ ಕಾವಲಿಗೆ ಅಷ್ಟು ಉದಾರತೆ ಸಾಧ್ಯವಿಲ್ಲ. ಬಂದವರನ್ನೆಲ್ಲ ನಮ್ಮವರೆಂದರೆ ಕ್ಷಯದ ಕ್ರಿಮಿಯೂ ಒಳಗೆ ಮನೆಮಾಡುತ್ತದೆ. ಆದರೆ ಹುಟ್ಟಿದಂದಿನಿಂದ ಒಳಗೇ ಇರುವವರನ್ನಾದರೂ ನಮ್ಮವರೆಂದು ಅರಿಯುವ ಬುದ್ಧಿ ಅದಕ್ಕೆ ಇರಲೇಬೇಕು. ವೈದ್ಯವಿಜ್ಞಾನವು ಈ ಅರಿವನ್ನೇ ಸಹನೆ ಎಂದು ಕರೆಯುತ್ತದೆ.

ಈ ಬಿಳಿಯ ಕಣಗಳಲ್ಲಿ 'ಟಿ' ಕೋಶಗಳೆಂಬ ಒಂದು ವರ್ಗವಿದೆ. ಎದೆಯೆಲುಬಿನ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಇವುಗಳಿಗೆ ಪರೀಕ್ಷೆ ನಡೆಯುತ್ತದೆ. ಸ್ವಂತ ದೇಹದ ಮೇಲೆಯೇ ಎರಗುವ ಸ್ವಭಾವದವು ಅಲ್ಲಿಯೇ ನಾಶವಾಗುತ್ತವೆ. ಆದರೆ ಯಾವ ಪರೀಕ್ಷೆಯಲ್ಲಿಯೂ ಕೆಲವರು ಕಣ್ಣು ತಪ್ಪಿಸಿ ಪಾರಾಗುವಂತೆ ಇಲ್ಲಿಯೂ ಕೆಲವು ಕೋಶಗಳು ಪಾರಾಗುತ್ತವೆ. ಅವು ನಮ್ಮೆಲ್ಲರಲ್ಲಿಯೂ ಇವೆ. ಆದರೂ ಎಲ್ಲರಿಗೂ ಕಾಯಿಲೆ ಬರುವುದಿಲ್ಲವೇಕೆ? ಅವುಗಳನ್ನು ಹದ್ದುಬಸ್ತಿನಲ್ಲಿಡುವ ಮತ್ತೊಂದು ಬಗೆಯ ಟಿ ಕೋಶಗಳಿವೆಯೆಂದು ಜಪಾನಿನ ಶಿಮೊನ್ ಸಕಾಗುಚಿ ಅವರು ೧೯೯೫ರಲ್ಲಿ ತೋರಿಸಿದರು. ಇವನ್ನು ನಿಯಂತ್ರಕ ಟಿ ಕೋಶಗಳೆನ್ನೋಣ. ಅಮೆರಿಕದ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು, ಹುಟ್ಟಿದ ಕೆಲವೇ ವಾರಗಳಲ್ಲಿ ತಮ್ಮದೇ ದೇಹದ ದಾಳಿಗೆ ಸಿಕ್ಕಿ ಸಾಯುತ್ತಿದ್ದ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ೨೦೦೧ರಲ್ಲಿ ಪತ್ತೆ ಮಾಡಿದರು. ನಿಯಂತ್ರಕ ಕೋಶಗಳು ರೂಪುಗೊಳ್ಳುವುದಕ್ಕೆ ಬೇಕಾದ ವಂಶವಾಹಿಯೇ ಅದು ಎಂಬುದು ಮುಂದೆ ತಿಳಿದುಬಂದಿತು. ಈ ಮೂವರಿಗೆ ೨೦೨೫ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ.

ನಿಯಂತ್ರಣ ಸಡಿಲವಾದಾಗ ಹುಟ್ಟುವ ಕಾಯಿಲೆಗಳನ್ನು ಆಟೋಇಮ್ಯೂನ್ ಕಾಯಿಲೆಗಳೆಂದು ಕರೆಯುತ್ತಾರೆ. ಕೀಲುಗಳ ಒಳಪೊರೆಯ ಮೇಲೆ ದಾಳಿಯಾದರೆ ರುಮಟಾಯ್ಡ್ ಸಂಧಿವಾತ, ನರಗಳ ಹೊದಿಕೆಯ ಮೇಲಾದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲಾದರೆ ತೊನ್ನು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲಾದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯ ಮಧುಮೇಹ. ಇಂತಹ ರೋಗಿಗಳು 'ರೋಗನಿರೋಧಕ ಶಕ್ತಿ ಹೆಚ್ಚಿಸುವ' ಚೂರ್ಣ, ಲೇಹಗಳನ್ನು ಅಂಗಡಿಯಿಂದ ತಂದು ಸೇವಿಸುವುದನ್ನು ನಾವು ದಿನವೂ ನೋಡುತ್ತೇವೆ. ಇವರಲ್ಲಿ ಶಕ್ತಿಗೆ ಕೊರತೆಯಿಲ್ಲ, ಅದನ್ನು ನಡೆಸುವ ವಿವೇಕಕ್ಕೆ ಕೊರತೆಯಾಗಿದೆ. ಹುಚ್ಚೆದ್ದ ಎತ್ತಿಗೆ ಹಿಂಡಿ ಹಾಕಿ ಬಲ ತುಂಬಿದರೆ ಏನಾದೀತು?

ಸದ್ಯಕ್ಕೆ ಈ ಕಾಯಿಲೆಗಳಿಗೆ ಕೊಡುವ ಪ್ರಬಲ ಔಷಧಗಳು ಇಡೀ ಕಾವಲುಪಡೆಯನ್ನೇ ಮಂಕು ಮಾಡುತ್ತವೆ. ಕಾಯಿಲೆ ಹತೋಟಿಗೆ ಬರುತ್ತದೆ, ಸೋಂಕಿನ ಭಯ ಉಳಿಯುತ್ತದೆ. ಹಾಗಲ್ಲದೆ, ದಾಳಿಗೆ ಗುರಿಯಾದ ಒಂದೇ ವಸ್ತುವಿನ ಬಗೆಗೆ ಸಹನೆಯನ್ನು ಮರಳಿ ಕಲಿಸಲು ಬರುವುದೇ ಎಂಬುದು ವಿಜ್ಞಾನಿಗಳ ಬಹುಕಾಲದ ಹಂಬಲ.

ಬಾಯಿಯಿಂದ ಮೂಗಿಗೆ

ಸಹನೆ ಕಲಿಸುವ ಸ್ಥಳವನ್ನು ಪ್ರಕೃತಿಯೇ ತೋರಿಸಿಕೊಟ್ಟಿದೆ. ಜೋಳವೂ ಬೇಳೆಯೂ ಹಾಲೂ ದೇಹಕ್ಕೆ ಅನ್ಯವಸ್ತುಗಳೇ. ಅವುಗಳ ಸಾರವನ್ನು ಸೂಜಿಯಿಂದ ರಕ್ತಕ್ಕೆ ಸೇರಿಸಿದರೆ ದೇಹ ಸಿಡಿದೇಳುತ್ತದೆ. ಬಾಯಿಯ ಮೂಲಕ ಹೋದಾಗ ಮಾತ್ರ ಅವು ದಿನನಿತ್ಯದ ಅನ್ನವಾಗುತ್ತವೆ. ೧೯೧೧ರಲ್ಲಿ ಅಮೆರಿಕದ ಎಚ್. ಜಿ. ವೆಲ್ಸ್ ಎಂಬವರು ಗಿನಿಪಿಗ್‌ಗಳಿಗೆ ಮೊಟ್ಟೆಯ ಪ್ರೋಟೀನನ್ನು ಮೊದಲೇ ತಿನ್ನಿಸಿ, ಅನಂತರ ಅದನ್ನೇ ಚುಚ್ಚಿದಾಗ ಅವು ಸಾಯದೆ ಉಳಿದುದನ್ನು ಕಂಡರು. ತಿನ್ನಿಸದೆ ಚುಚ್ಚಿಸಿಕೊಂಡವು ತೀವ್ರ ಅಲರ್ಜಿಗೆ ಬಲಿಯಾಗುತ್ತಿದ್ದವು. ೧೯೪೬ರಲ್ಲಿ ಮೆರಿಲ್ ಚೇಸ್ ಅವರು ಚರ್ಮಕ್ಕೆ ಉರಿಯೂತ ತರುವ ಒಂದು ರಾಸಾಯನಿಕದ ಮೇಲೆ ಇದೇ ಪ್ರಯೋಗ ಮಾಡಿ, ತಿಂದ ಪದಾರ್ಥಕ್ಕೆ ಚರ್ಮವೂ ಸಹನೆ ತೋರುವುದೆಂದು ಸಿದ್ಧಪಡಿಸಿದರು.

ಆಯುರ್ವೇದ ಓದಿದವರಿಗೆ ಇಲ್ಲಿ ಸಾತ್ಮ್ಯ ಎಂಬ ಮಾತು ನೆನಪಾಗದೆ ಇರದು. ಅಭ್ಯಾಸಬಲದಿಂದ ಒಗ್ಗಿದ ವಸ್ತುವನ್ನು ಓಕಸಾತ್ಮ್ಯವೆಂದು ಚರಕರು ಕರೆದಿದ್ದಾರೆ. ಒಗ್ಗಿಹೋದ ಅಹಿತವನ್ನು ಒಮ್ಮೆಲೇ ಬಿಡದೆ, ಪಾಲು ಪಾಲಾಗಿ ಬಿಟ್ಟು, ಹಿತವನ್ನು ಅಷ್ಟಷ್ಟಾಗಿ ರೂಢಿಸಿಕೊಳ್ಳಬೇಕೆಂಬ ಕ್ರಮವನ್ನೂ ಹೇಳಿದ್ದಾರೆ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಟ್ಟರೆ ದೇಹ ಒಪ್ಪಿಕೊಳ್ಳುತ್ತದೆ ಎಂಬ ಅನುಭವ ನಮ್ಮ ಹಿರಿಯರಿಗಿತ್ತೆಂಬುದು ಸ್ಪಷ್ಟ. ಅಷ್ಟಕ್ಕೆ ಟಿ ಕೋಶವನ್ನು ಚರಕರು ಬಲ್ಲವರಾಗಿದ್ದರೆಂದು ಹೇಳಹೊರಡುವುದು ಅವರಿಗೆ ಗೌರವ ತರುವ ಮಾತಲ್ಲ.

ಬಾಸ್ಟನ್ನಿನ ಹಾವರ್ಡ್ ವೀನರ್ ಅವರು ಈ ಸೂತ್ರವನ್ನು ಕಾಯಿಲೆಗೆ ಅನ್ವಯಿಸಿದರು. ನರಗಳ ಹೊದಿಕೆಯ ಪ್ರೋಟೀನನ್ನು ತಿನ್ನಿಸಿದ ಇಲಿಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನು ಹೋಲುವ ಕಾಯಿಲೆ ತಗ್ಗಿತು. ೧೯೯೩ರಲ್ಲಿ ಹಸುವಿನ ನರಹೊದಿಕೆಯಿಂದ ತಯಾರಿಸಿದ ಔಷಧವನ್ನು ೩೦ ಮಂದಿ ರೋಗಿಗಳ ಚಿಕ್ಕ ಪ್ರಯೋಗದಲ್ಲಿ ಪರೀಕ್ಷಿಸಿದರು, ಫಲ ಆಶಾದಾಯಕವಾಗಿತ್ತು. ಐನೂರಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆ ೧೯೯೭ರಲ್ಲಿ ಮುಗಿದಾಗ ಔಷಧ ಪಡೆದವರಿಗೂ ಔಷಧವಿಲ್ಲದ ಹುಸಿಗುಳಿಗೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಹುಸಿಗುಳಿಗೆಯವರೂ ಬಹಳ ಮಟ್ಟಿಗೆ ಸುಧಾರಿಸಿದ್ದರು! ರೋಗಿಯ ನಂಬಿಕೆಯೇ ಎಷ್ಟೋ ಕೆಲಸ ಮಾಡುತ್ತದೆ ಎಂಬುದಕ್ಕೆ, ಆದುದರಿಂದಲೇ ಹುಸಿಗುಳಿಗೆಯೊಡನೆ ಹೋಲಿಸದೆ ಯಾವ ಔಷಧವನ್ನೂ ಹೊಗಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು. ನಮ್ಮ ಪದ್ಧತಿಯ ಔಷಧಗಳಿಗೂ ಈ ಮಾತು ಸಲ್ಲುತ್ತದೆ.

ಬಾಯಿಯ ದಾರಿಗೆ ಇನ್ನೊಂದು ತೊಡಕಿದೆ. ಜಠರಾಗ್ನಿಯು ಪ್ರೋಟೀನನ್ನು ಚೂರುಚೂರು ಮಾಡಿಬಿಡುತ್ತದೆ. ಮೂಗಿನಲ್ಲಿ ಅಂತಹ ಅಗ್ನಿಯಿಲ್ಲ. ದಿನಕ್ಕೆ ಸುಮಾರು ೧೦,೦೦೦ ಲೀಟರ್ ಗಾಳಿಯನ್ನು ಸೋಸುವ ಮೂಗಿನ ಲೋಳ್ಪೊರೆಯ ಕೆಳಗೆ ಡೆಂಡ್ರಿಟಿಕ್ ಕೋಶಗಳೆಂಬ ಕವಲುಗೈಯ ಕಾವಲುಗಾರರಿದ್ದಾರೆ. ಗಾಳಿಯಲ್ಲಿ ಬಂದ ಕಣವನ್ನು ಹಿಡಿದು, ಕೊರಳಿನ ದುಗ್ಧಗ್ರಂಥಿಗಳಿಗೆ ಒಯ್ದು, ಅಲ್ಲಿರುವ ಟಿ ಕೋಶಗಳಿಗೆ ತೋರಿಸುವುದು ಅವರ ಕಾಯಕ. ಕಣದ ಜೊತೆಗೆ ರೋಗಾಣುವಿನ ಸುಳಿವಿದ್ದರೆ 'ಹೊಡೆಯಿರಿ' ಎಂಬ ಸಂದೇಶ ಹೋಗುತ್ತದೆ. ಯಾವ ಅಪಾಯದ ಗುರುತೂ ಇಲ್ಲದೆ ಮತ್ತೆ ಮತ್ತೆ ಬಂದ ಕಣವಾದರೆ 'ಸುಮ್ಮನಿರಿ' ಎಂಬ ಸಂದೇಶ ಹೋಗಿ, ಆ ಕಣಕ್ಕೆ ಮೀಸಲಾದ ನಿಯಂತ್ರಕ ಕೋಶಗಳು ಬೆಳೆಯುತ್ತವೆ. ಆದುದರಿಂದ ಅತಿ ಚಿಕ್ಕ ಪ್ರಮಾಣದಲ್ಲಿಯೇ ಮೂಗು ಬಾಯಿಗಿಂತ ಉತ್ತಮ ಪಾಠಶಾಲೆಯಾಗಬಹುದೆಂದು ವಿಜ್ಞಾನಿಗಳು ಎಣಿಸಿದರು.

ಮೂಗಿನಲ್ಲಿ ಇನ್ಸುಲಿನ್

ಈ ಎಣಿಕೆಯನ್ನು ಎಲ್ಲಕ್ಕಿಂತ ಕೂಲಂಕಷವಾಗಿ ಪರೀಕ್ಷಿಸಿರುವುದು ಮಕ್ಕಳ ಮಧುಮೇಹದಲ್ಲಿ. ಒಂದನೆಯ ಬಗೆಯ ಮಧುಮೇಹದಲ್ಲಿ ಕಾವಲುಪಡೆಯ ಸಿಟ್ಟು ಮೊದಮೊದಲು ತಿರುಗುವ ವಸ್ತುಗಳಲ್ಲಿ ಇನ್ಸುಲಿನ್ ಕೂಡ ಒಂದು. ಹಾಗಾದರೆ ಇನ್ಸುಲಿನ್ನನ್ನೇ ಮೂಗಿನ ಮೂಲಕ ತೋರಿಸಿ ಆ ಸಿಟ್ಟನ್ನು ಶಮನ ಮಾಡಬಹುದೇ? ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಲೆನ್ ಹ್ಯಾರಿಸನ್ ಅವರು ಹಲವು ವರ್ಷಗಳನ್ನು ಈ ಒಂದು ಪ್ರಶ್ನೆಗೆ ಮೀಸಲಿಟ್ಟರು. ತಾನಾಗಿಯೇ ಮಧುಮೇಹಕ್ಕೆ ತುತ್ತಾಗುವ ಒಂದು ಇಲಿಯ ತಳಿ ಜಪಾನಿನಲ್ಲಿ ಬೆಳೆದುಬಂದಿತ್ತು. ಆ ಇಲಿಗಳಿಗೆ ಇನ್ಸುಲಿನ್ನಿನ ತುಂತುರನ್ನು ಉಸಿರಿನೊಡನೆ ಕೊಟ್ಟಾಗ ಮಧುಮೇಹ ಬರುವುದು ಕಡಿಮೆಯಾಯಿತು. ಅವುಗಳ ನಿಯಂತ್ರಕ ಕೋಶಗಳನ್ನು ತೆಗೆದು ಬೇರೆ ಇಲಿಗೆ ಕೊಟ್ಟಾಗ ಅದಕ್ಕೂ ರಕ್ಷಣೆ ದೊರೆಯಿತು. ಇದು ೧೯೯೬ರ ಮಾತು.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಹೀಗೆ ಮೂಗಿಗೆ ಕೊಟ್ಟ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುವುದಕ್ಕಾಗಿ ಕೊಟ್ಟದ್ದಲ್ಲ. ಲೋಳ್ಪೊರೆಯನ್ನು ದಾಟಿ ರಕ್ತಕ್ಕೆ ಸೇರುವ ಪಾಲು ತೀರ ಅಲ್ಪ. ಚುಚ್ಚುಮದ್ದಿಗೆ ಅದು ಬದಲಿಯಾಗಲಾರದು. ಅದು ದೇಹಕ್ಕೆ ಪರಿಚಯ ಮಾಡಿಸುವ ಪಾಠ ಮಾತ್ರ.

ಇಲಿಯಿಂದ ಮನುಷ್ಯನೆಡೆಗೆ ಹ್ಯಾರಿಸನ್ ಅವರು ಬಹಳ ಎಚ್ಚರಿಕೆಯಿಂದ ಹೆಜ್ಜೆಯಿಟ್ಟರು. ಇನ್ನೂ ಮಧುಮೇಹ ಬಾರದಿದ್ದರೂ ರಕ್ತದಲ್ಲಿ ಅದರ ಮುನ್ಸೂಚಕ ಪ್ರತಿಕಾಯಗಳು ಕಾಣಿಸಿಕೊಂಡಿದ್ದ ೩೮ ಮಂದಿಗೆ ಮೂಗಿನ ಇನ್ಸುಲಿನ್ ಕೊಟ್ಟು ನೋಡಿದರು. ಮೊದಲ ಹತ್ತು ದಿನ ನಿತ್ಯವೂ ೧.೬ ಮಿಲಿಗ್ರಾಂ, ಅನಂತರ ಆರು ತಿಂಗಳು ವಾರಕ್ಕೆ ಎರಡು ದಿನ. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಯಾರಿಗೂ ಕೆಡುಕಾಗಲಿಲ್ಲ. ಇನ್ಸುಲಿನ್ನಿನ ಮೇಲೆ ಟಿ ಕೋಶಗಳಿಗಿದ್ದ ಉಗ್ರತೆಯೂ ತಗ್ಗಿತು. ಮುಂದೆ, ಹೊಸದಾಗಿ ಕಾಯಿಲೆ ಬಂದಿದ್ದು ಇನ್ನೂ ಚುಚ್ಚುಮದ್ದಿನ ಅಗತ್ಯವಿರದ ೫೨ ಮಂದಿ ವಯಸ್ಕರಲ್ಲಿ ಕೆಲವರಿಗೆ ಮೂಗಿನ ಇನ್ಸುಲಿನ್, ಉಳಿದವರಿಗೆ ಹುಸಿ ತುಂತುರು ಎಂದು ಒಂದು ವರ್ಷ ಕೊಟ್ಟರು. ಕಾಲಾನಂತರ ಇವರಲ್ಲಿ ಚುಚ್ಚುಮದ್ದು ಬೇಕಾದವರನ್ನು ಪರೀಕ್ಷಿಸಿದಾಗ, ಚುಚ್ಚಿದ ಇನ್ಸುಲಿನ್ನಿನ ವಿರುದ್ಧ ಎದ್ದ ಪ್ರತಿಕಾಯಗಳು ಮೂಗಿನ ಪಾಠ ಕಲಿತವರಲ್ಲಿ ಕಡಿಮೆಯಿದ್ದವು. ಅಂದರೆ ಮನುಷ್ಯದೇಹಕ್ಕೂ ಮೂಗಿನ ಮೂಲಕ ಸಹನೆ ಕಲಿಸಬಹುದೆಂಬುದು ೨೦೧೧ರ ಈ ವರದಿಯಿಂದ ದೃಢವಾಯಿತು.

ಆದರೆ ಕಾಯಿಲೆ ನಿಲ್ಲಲಿಲ್ಲ. ಸಹನೆ ಬಂದವರಲ್ಲಿಯೂ ಇನ್ಸುಲಿನ್ ತಯಾರಿಸುವ ಕೋಶಗಳು ಬಾರದವರಷ್ಟೇ ವೇಗವಾಗಿ ಕುಂದಿದವು.

ಇದಕ್ಕೆ ಮೊದಲೇ ಫಿನ್ಲೆಂಡಿನಿಂದ ಇನ್ನೂ ಕಹಿಯಾದ ಸುದ್ದಿ ಬಂದಿತ್ತು. ಮಕ್ಕಳ ಮಧುಮೇಹ ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿರುವ ದೇಶ ಅದು. ಅಲ್ಲಿನ ವೈದ್ಯರು ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಹೊಕ್ಕುಳುಬಳ್ಳಿಯ ರಕ್ತವನ್ನು ಪರೀಕ್ಷಿಸಿ, ವಂಶವಾಹಿಯಲ್ಲಿ ಅಪಾಯವಿರುವ ಮಕ್ಕಳನ್ನು ಆರಿಸಿದರು. ಆ ಮಕ್ಕಳ ರಕ್ತವನ್ನು ಮತ್ತೆ ಮತ್ತೆ ನೋಡುತ್ತ, ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳು ಕಾಣಿಸಿಕೊಂಡ ಇನ್ನೂರಕ್ಕೂ ಮಿಕ್ಕ ಮಕ್ಕಳಿಗೆ ನಿತ್ಯವೂ ಮೂಗಿನಲ್ಲಿ ಇನ್ಸುಲಿನ್ ಅಥವಾ ಹುಸಿ ತುಂತುರನ್ನು ತಂದೆತಾಯಿಗಳ ಕೈಯಿಂದಲೇ ಕೊಡಿಸಿದರು. ಎಂತಹ ತಾಳ್ಮೆಯ ಕಾಯಕ! ೨೦೦೮ರಲ್ಲಿ ಪ್ರಕಟವಾದ ಉತ್ತರ ಒಂದೇ ಸಾಲಿನದು: ಇನ್ಸುಲಿನ್ ಪಡೆದ ಮಕ್ಕಳಲ್ಲಿ ಮಧುಮೇಹ ತಪ್ಪಲಿಲ್ಲ, ತಡವಾಗಲೂ ಇಲ್ಲ.

ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲಿ ಫಲಿಸಲಿಲ್ಲವೇಕೆ? ನಮ್ಮ ಹಳ್ಳಿಗಳಲ್ಲಿ ಒಂದು ಬದುವಿಗಾಗಿ ಹುಟ್ಟಿದ ಜಗಳವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲ ವಾರದಲ್ಲಿ ಹಿರಿಯರು ಕೂಡಿಸಿ ಬದುವನ್ನು ಅಳೆದುಕೊಟ್ಟರೆ ಮುಗಿಯಿತು. ಹತ್ತು ವರ್ಷ ಕಳೆದ ಮೇಲೆ ಬಾವಿ, ದಾರಿ, ದನದ ಕೊಟ್ಟಿಗೆ, ಮದುವೆಯ ಮಾತು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆಗ ಬದುವನ್ನು ಬಿಟ್ಟುಕೊಟ್ಟರೂ ಜಗಳ ಆರದು. ದೇಹದೊಳಗಿನ ಹಗೆಯೂ ಹಾಗೆಯೇ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ. ರಕ್ತದಲ್ಲಿ ಎರಡು ಬಗೆಯ ಪ್ರತಿಕಾಯಗಳು ಕಾಣುವ ವೇಳೆಗೆ ಇನ್ಸುಲಿನ್ ಹಲವು ಗುರಿಗಳಲ್ಲಿ ಒಂದಾಗಿಬಿಟ್ಟಿರುತ್ತದೆ. ಮೇಲಾಗಿ ಪ್ರಯೋಗದ ಇಲಿಗಳೆಲ್ಲ ಒಂದೇ ಅಚ್ಚಿನವು, ಮನುಷ್ಯರು ಹಾಗಲ್ಲ. ಎಷ್ಟು ಕೊಡಬೇಕು, ಯಾವ ವಯಸ್ಸಿನಲ್ಲಿ, ಎಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕವೂ ಇನ್ನೂ ಕೂಡಿಬಂದಿಲ್ಲ.

ಲೆಕ್ಕ ತಪ್ಪಿದರೆ ಪಾಠ ತಿರುಗುಮುರುಗಾಗುವುದೂ ಉಂಟು. ಅದೇ ಮೆಲ್ಬರ್ನ್ ಸಂಸ್ಥೆಯ ಬೇರೊಂದು ತಂಡ ೧೯೯೬ರಲ್ಲಿ ಇದನ್ನು ತೋರಿಸಿತು. ಮೇದೋಜೀರಕ ಗ್ರಂಥಿಯಲ್ಲಿ ಮೊಟ್ಟೆಯ ಪ್ರೋಟೀನು ಉತ್ಪತ್ತಿಯಾಗುವಂತೆ ಮಾರ್ಪಡಿಸಿದ ಇಲಿಗಳಿಗೆ ಅದೇ ಪ್ರೋಟೀನನ್ನು ತಿನ್ನಿಸಿದಾಗ ಸಹನೆಯ ಬದಲು ಮಧುಮೇಹವೇ ಬಂದಿತು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಮಾರ್ಮೊಸೆಟ್ ಎಂಬ ಚಿಕ್ಕ ಕೋತಿಗಳಿಗೆ ನರಹೊದಿಕೆಯ ಒಂದು ಪ್ರೋಟೀನನ್ನು ಚುಚ್ಚಿ ಸಹನೆ ಕಲಿಸಹೋದರು. ಕೊಡುತ್ತಿದ್ದಷ್ಟು ದಿನ ಅವು ಚೆನ್ನಾಗಿದ್ದವು. ನಿಲ್ಲಿಸಿದ ಮೇಲೆ ಮೊದಲಿಗಿಂತ ಉಗ್ರವಾದ ಕಾಯಿಲೆ ಬಂದು ಸತ್ತವು. ಇವೆರಡೂ ಮೂಗಿನ ಪ್ರಯೋಗಗಳಲ್ಲ. ಆದರೂ ದೇಹದ ಸ್ವಂತ ವಸ್ತುವನ್ನು ದೇಹಕ್ಕೆ ತೋರಿಸುವುದು ಮನೆಮದ್ದಿನಂತೆ ಕೈಗೆ ಬಂದಷ್ಟು ಹಾಕುವ ಕೆಲಸವಲ್ಲವೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಹಾಗೆಂದು ಈ ದಾರಿಯನ್ನು ವಿಜ್ಞಾನಿಗಳು ಕೈಬಿಟ್ಟಿಲ್ಲ. ವೀನರ್ ಅವರ ಬಾಸ್ಟನ್ ತಂಡವು ಫೊರಾಲುಮ್ಯಾಬ್ ಎಂಬ ಪ್ರತಿಕಾಯವನ್ನು ಮೂಗಿನ ತುಂತುರಾಗಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಪರೀಕ್ಷಿಸುತ್ತಿದೆ. ಇದು ಯಾವುದೋ ಒಂದು ವಸ್ತುವಿನ ಪರಿಚಯ ಮಾಡಿಸದೆ, ಟಿ ಕೋಶಗಳನ್ನೇ ನೇರವಾಗಿ ಮುಟ್ಟಿ ನಿಯಂತ್ರಕ ಕೋಶಗಳನ್ನು ಹೆಚ್ಚಿಸುವ ಉಪಾಯ. ಮೊದಲು ಪಡೆದ ಕೆಲವೇ ರೋಗಿಗಳಲ್ಲಿ ಕೆಲವರಿಗೆ ಆಯಾಸ ತಗ್ಗಿದೆಯೆಂಬ ವರದಿಯಿದೆ; ಹುಸಿ ತುಂತುರಿನೊಡನೆ ಹೋಲಿಸುವ ಪರೀಕ್ಷೆಯನ್ನೂ ಆರಂಭಿಸಿದ್ದಾರೆ. ೧೯೯೩ರ ಆಶೆಯೂ ೧೯೯೭ರ ನಿರಾಶೆಯೂ ನೆನಪಿರುವವರು ಹೋಲಿಕೆಯ ಫಲಿತಾಂಶ ಬರುವವರೆಗೆ ಕಾಯುವುದು ಲೇಸು. ಇದೇ ಜಾತಿಯ ಟೆಪ್ಲಿಜುಮ್ಯಾಬ್ ಎಂಬ ಔಷಧವನ್ನು ರಕ್ತನಾಳದ ಮೂಲಕ ೧೪ ದಿನ ಕೊಟ್ಟಾಗ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ಕಾಯಿಲೆ ಸುಮಾರು ಎರಡು ವರ್ಷ ತಡವಾಗಿ ಬಂದಿತು. ೭೬ ಮಂದಿಯ ಆ ಪರೀಕ್ಷೆಯ ಫಲ ೨೦೧೯ರಲ್ಲಿ ಪ್ರಕಟವಾಗಿ, ೨೦೨೨ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆತಿದೆ. ಎರಡೇ ವರ್ಷವೇ ಎನ್ನಬಹುದು. ಆರು ವರ್ಷದ ಮಗುವಿಗೆ ದಿನಕ್ಕೆ ನಾಲ್ಕು ಬಾರಿ ಸೂಜಿ ಚುಚ್ಚುವ ತಾಯಿಯನ್ನು ಕೇಳಿದರೆ ಎರಡು ವರ್ಷದ ಬೆಲೆ ಆಕೆ ಹೇಳುತ್ತಾಳೆ.

ನಸ್ಯವು ಬೇರೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮೂಗು ಶಿರಸ್ಸಿಗೆ ಬಾಗಿಲೆಂದು ವಾಗ್ಭಟರು ಹೇಳಿರುವುದು ಸರಿಯಷ್ಟೆ. ಆದರೆ ಒಂದೇ ಬಾಗಿಲಿನಿಂದ ಒಳಗೆ ಹೋದವರೆಲ್ಲರ ಕೆಲಸವೂ ಒಂದೇ ಆಗಿರುವುದಿಲ್ಲ. ನಸ್ಯದ ವಿಷಯ ಕೊರಳಿನಿಂದ ಮೇಲಿನ ರೋಗಗಳು. ಕಟ್ಟಿದ ಕಫವನ್ನು ಹೊರದೂಡುವ ವಿರೇಚನ, ಒಣಗಿದುದಕ್ಕೆ ಪುಷ್ಟಿ ಕೊಡುವ ಬೃಂಹಣ, ಕೆರಳಿದುದನ್ನು ತಣಿಸುವ ಶಮನ ಎಂದು ಅದರಲ್ಲಿ ಮೂರು ಬಗೆ. ತಲೆನೋವು, ಹಳೆಯ ನೆಗಡಿ, ಕತ್ತಿನ ಬಿಗಿತ, ಅರ್ದಿತವೆಂಬ ಮುಖದ ವಾತ ಇವುಗಳಲ್ಲಿ ನಾವು ಅದರ ಪ್ರಯೋಜನ ಕಂಡಿದ್ದೇವೆ. ಎಳ್ಳೆಣ್ಣೆ, ಆಡಿನ ಹಾಲು, ಹಲವು ಮೂಲಿಕೆಗಳ ಕಷಾಯ ಸೇರಿದ ಅಣುತೈಲದಲ್ಲಿ ಇನ್ಸುಲಿನ್ನೂ ಇಲ್ಲ, ನರಹೊದಿಕೆಯ ಪ್ರೋಟೀನೂ ಇಲ್ಲ, ಕೀಲಿನ ಪ್ರೋಟೀನೂ ಇಲ್ಲ. ಯಾವುದರ ಮೇಲೆ ದೇಹಕ್ಕೆ ಸಹನೆ ಬರಬೇಕೋ ಆ ವಸ್ತುವೇ ಇಲ್ಲದ ಮೇಲೆ, ಸಹನೆಯನ್ನು ಅದು ಕಲಿಸುತ್ತದೆಂದು ಹೇಳಲು ಸಂಹಿತೆಯ ಆಧಾರವೂ ಇಲ್ಲ, ಯುಕ್ತಿಯ ಆಧಾರವೂ ಇಲ್ಲ. ಹಾಗೆ ಹೇಳಿ ತೈಲ ಮಾರುವವರು ನಸ್ಯಕ್ಕೂ ದ್ರೋಹ ಮಾಡುತ್ತಿದ್ದಾರೆ.

ಮಾತು ಸ್ವಲ್ಪ ಬಿರುಸಾಯಿತು, ಅದಕ್ಕೆ ಕಾರಣವಿದೆ. ಕೆಲವು ತಿಂಗಳ ಹಿಂದೆ ನಮ್ಮ ಚಿಕಿತ್ಸಾಲಯಕ್ಕೆ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಹೆಗಲಿಗೆ ಆನಿಸಿಕೊಂಡು ಕರೆತಂದರು. ಎರಡು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಹುಡುಗ. ಮೊಬೈಲಿನಲ್ಲಿ ಯಾರದೋ ಮಾತು ಕೇಳಿ ಮೂಗಿಗೆ ಹಾಕುವ ಎಣ್ಣೆಯೊಂದನ್ನು ತರಿಸಿ, ಮೂರು ದಿನದಿಂದ ಚುಚ್ಚುಮದ್ದನ್ನು ನಿಲ್ಲಿಸಿದ್ದರು. ಹುಡುಗ ಎರಡು ಬಾರಿ ವಾಂತಿ ಮಾಡಿದ್ದ. ಉಸಿರು ಆಳವಾಗಿ ಏದುತ್ತಿತ್ತು, ಬಾಯಿಯಿಂದ ಕೊಳೆತ ಹಣ್ಣಿನಂತಹ ವಾಸನೆ ಬರುತ್ತಿತ್ತು. "ಸ್ವಾಮೀ, ನೀವು ನಸ್ಯ ಬಲ್ಲವರು, ಎಣ್ಣೆಯ ಪ್ರಮಾಣ ಹೆಚ್ಚಿಸಬೇಕೇನೋ ನೋಡಿ" ಎಂದು ತಂದೆ ಕೇಳಿದರು. ನಾವು ನಾಡಿಯನ್ನೂ ಪೂರ್ತಿ ನೋಡದೆ ವಾಹನ ತರಿಸಿ ಜಿಲ್ಲಾಸ್ಪತ್ರೆಗೆ ಕಳುಹಿಸಿದೆವು. ಹುಡುಗ ಬದುಕಿದ. ಇನ್ನೊಂದು ರಾತ್ರಿ ಕಳೆದಿದ್ದರೆ ಏನಾಗುತ್ತಿತ್ತೆಂದು ಹೇಳಲು ವೈದ್ಯನೇ ಆಗಬೇಕಾಗಿಲ್ಲ. ೧೯೨೨ರಲ್ಲಿ ಇನ್ಸುಲಿನ್ ಬಳಕೆಗೆ ಬರುವುದಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳಾರೂ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಸುಶ್ರುತರು ಪ್ರಮೇಹದಲ್ಲಿ ಸಹಜ, ಅಪಥ್ಯಜನ್ಯ ಎಂದು ಎರಡನ್ನು ಬೇರ್ಪಡಿಸಿ, ಮೊದಲನೆಯದರ ರೋಗಿ ಬಡಕಲು, ಬಾಯಾರಿಕೆಯವನು ಎಂದು ವರ್ಣಿಸಿರುವರು. ಹುಟ್ಟಿನಿಂದ ಬಂದ ಮಧುಮೇಹವನ್ನು ಅಸಾಧ್ಯವೆಂದೇ ನಮ್ಮ ಆಚಾರ್ಯರು ಎಣಿಸಿದ್ದರು. ಅವರು ಕೈಚೆಲ್ಲಿದ ಕಡೆ ಒಂದು ಔಷಧ ಬದುಕಿಸುತ್ತಿರುವಾಗ ಅದನ್ನು ಬಿಡಿಸುವುದು ಆಯುರ್ವೇದವಲ್ಲ.

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಅಥವಾ ಸ್ಟೀರಾಯ್ಡ್ ಸೇವಿಸುವವರಿಗೂ ಇದೇ ಮಾತು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ನಮ್ಮ ಬಳಿ ಆಮವಾತದ ಚಿಕಿತ್ಸೆಗೆ ಬರುವವರಿಗೆ ಆಹಾರ, ಸ್ವೇದ, ಔಷಧ ಎಲ್ಲವನ್ನೂ ಹೇಳುತ್ತೇವೆ. ಹಳೆಯ ಗುಳಿಗೆಯನ್ನು ಇಳಿಸುವುದಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಇಂತಹ ರೋಗಿಗಳು ತಲೆನೋವಿಗೋ ಕತ್ತಿನ ಬಿಗಿತಕ್ಕೋ ನಸ್ಯ ಮಾಡಿಸಿಕೊಳ್ಳಬಾರದೆಂದೇನೂ ಇಲ್ಲ. ವೈದ್ಯರ ಕಣ್ಣೆದುರಿನಲ್ಲಿ, ಮುಖಕ್ಕೆ ಎಣ್ಣೆ ಸವರಿ ಬಿಸಿ ಕೊಟ್ಟ ಮೇಲೆ, ಖಾಲಿ ಹೊಟ್ಟೆಯಲ್ಲಿ ಮಾಡಿಸಿಕೊಳ್ಳಬಹುದು. ಮರ್ಶನಸ್ಯಕ್ಕೆ ೧೦, ೮, ೬ ಬಿಂದುಗಳೆಂದು ವಾಗ್ಭಟರು ಮೂರು ಪ್ರಮಾಣಗಳನ್ನು ಹೇಳಿದ್ದಾರೆ; ಏಳು ವರ್ಷಕ್ಕಿಂತ ಚಿಕ್ಕವರಿಗೂ ಎಂಬತ್ತು ದಾಟಿದವರಿಗೂ ನಿಷೇಧಿಸಿದ್ದಾರೆ. ಹೊಸ ನೆಗಡಿ, ಜ್ವರ, ಊಟವಾದ ಕೂಡಲೆ, ತಲೆಗೆ ಸ್ನಾನವಾದ ಕೂಡಲೆ ಇದು ಸಲ್ಲದು. ಕಾವಲುಪಡೆಯನ್ನು ತಗ್ಗಿಸುವ ಔಷಧ ಸೇವಿಸುವವರಿಗೆ ಮೂಗಿನಲ್ಲಿ ಹುಣ್ಣೋ ಕೀವೋ ಇದ್ದರೆ ನಾವು ನಸ್ಯ ಮಾಡುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಚುಚ್ಚುಮದ್ದು ಹಾಕಿಕೊಂಡು ನಸ್ಯಕ್ಕಾಗಿ ಊಟ ಮುಂದೂಡಬಾರದು. ಸಕ್ಕರೆ ಇಳಿದು ತಲೆ ತಿರುಗುತ್ತದೆ. ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಹಸುಗೂಸುಗಳ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಫಿನ್ಲೆಂಡಿನಲ್ಲಿ ಎಳೆಯ ಮಕ್ಕಳ ಮೂಗಿಗೆ ಔಷಧ ಕೊಟ್ಟರೆಂದು ಓದಿದವರು, ನಮ್ಮ ಅಜ್ಜಿಯರೂ ಎಣ್ಣೆನೀರು ಎರೆಯುವಾಗ ಮಗುವಿನ ಮೂಗಿಗೆ ಎಣ್ಣೆ ಬಿಡುತ್ತಿದ್ದರಲ್ಲ, ಅದೂ ಇದಕ್ಕೇ ಇರಬಹುದೆಂದು ಭಾವಿಸಬಾರದು. ಎರಡು ಬಿಂದುಗಳ ಪ್ರತಿಮರ್ಶ ನಸ್ಯವನ್ನು ಹುಟ್ಟಿದಂದಿನಿಂದ ಮಾಡಬಹುದೆಂದು ಗ್ರಂಥದಲ್ಲಿ ಇರುವುದು ನಮಗೆ ಗೊತ್ತು. ಆದರೂ ಅಳುವ, ಕಾಲಿನ ಮೇಲೆ ಅಂಗಾತ ಮಲಗಿದ ಶಿಶುವಿನ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಗುಣವಾಗಲು ಬಹು ಕಷ್ಟವಾದ ನ್ಯುಮೋನಿಯ ಬರುತ್ತದೆ. ಮಕ್ಕಳ ತಜ್ಞರು ಇದನ್ನು ಬೇಡವೆನ್ನುತ್ತಾರೆ, ನಾವೂ ಬೇಡವೆನ್ನುತ್ತೇವೆ. ಮೈಗೆ ಎಣ್ಣೆ ಸವರುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಮನೆಯಲ್ಲಿರುವ ಮಗುವಿಗೆ ಕೆಲವು ವಾರಗಳಿಂದ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗುವುದು, ಚೆನ್ನಾಗಿ ಉಂಡರೂ ಮೈ ಇಳಿಯುವುದು ಕಂಡುಬಂದರೆ ಹುಳುವಿನ ಔಷಧ ಕೊಟ್ಟು ಕಾಯುತ್ತ ಕೂಡಬಾರದು. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುವ ಪರೀಕ್ಷೆ ಈಗ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಆಗುತ್ತದೆ. ಅದನ್ನು ಅಂದೇ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಸೇರಿಕೊಂಡಿದ್ದರೆ ಆರೋಗ್ಯ ಕೇಂದ್ರಕ್ಕೂ ಕಾಯದೆ, ಇನ್ಸುಲಿನ್ನೂ ರಕ್ತನಾಳಕ್ಕೆ ದ್ರವ ಏರಿಸುವ ವ್ಯವಸ್ಥೆಯೂ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು.